ಬೈಗುಳವೇ ಸಂಬಳ! ಖಳನಟ ಪ್ರಾಣ್ ಬಾಳಿನ ಲೆಕ್ಕಾಚಾರ

ಬೈಗುಳ ತಿಂದು ಹೊಟ್ಟೆ ತುಂಬಿಸಿಕೊಂಡವರು ಉಂಟೆ? ಬಜಾರಿನ ಅಂಗಡಿಯವರನ್ನು ಕೇಳಿ ನೋಡಿ. ಬೆಳಗಿನ ಬೋಣಿಗೆ ಬಂದ ಗಿರಾಕಿ ಬೈದು ಹೋದರೆ ಆ ದಿನದ ವ್ಯಾಪಾರವೇ ಕೆಟ್ಟಿತು ಅಂತಾರೆ. ಬಸ್ಸಿನ ಕಂಡಕ್ಟರನ್ನು ಕೇಳಿ. ಚಿಲ್ಲರೆ ವಿಚಾರಕ್ಕೆ ಬೈಸಿಕೊಂಡು ಬೈಸಿಕೊಂಡು ಸಾಕಾಗಿದೆ ಸ್ವಾಮಿ ಅಂತಾನೆ.

ಆದರೆ ಜನ ಎಷ್ಟು ಬೈದರೆ ಅಷ್ಟು ಬೆಲೆ ಏರುವ ಕಸುಬೂ ಒಂದಿದೆ. ಅದೇ ಸಿನಿಮಾ ಖಳನಾಯಕನ ಕಸುಬು. ಕನ್ನಡದಲ್ಲಿ ಆ ಮಾತಿಗೆ ವಜ್ರಮುನಿ ಹೆಸರು ಹೇಳಿದರೆ ಸಾಕು, ಬೇರೆ ಸಾಕ್ಷಿ ಬೇಡ. ಹಿಂದಿಯಲ್ಲಿ ಆ ಗದ್ದುಗೆ ಪ್ರಾಣ್ ಅವರದ್ದು. ಹೆಸರು ನೋಡಿದರೆ ಪ್ರಾಣ, ಕೆಲಸ ಮಾತ್ರ ಪ್ರಾಣ ತೆಗೆಯೋದು! ನಮ್ಮ ಊರುಗಳ ಟಾಕೀಸುಗಳಲ್ಲಿ ಹಿಂದಿ ಪಿಕ್ಚರ್ ಬಂದಾಗ, ಭಾಷೆ ಅರ್ಧ ತಿಳಿದು ಅರ್ಧ ತಿಳಿಯದೆ ಕೂತ ಗಾಂಧಿ ಕ್ಲಾಸಿನವರಿಗೂ ಇವನೇ ಕೇಡಿ ಅನ್ನೋದು ಮಾತ್ರ ಒಂದೇ ಏಟಿಗೆ ತಿಳಿದುಬಿಡುತ್ತಿತ್ತು. ಆ ಕಣ್ಣು, ಆ ತುಟಿಯಂಚಿನ ನಗು ಸಾಕಾಗಿತ್ತು.

350ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಈ ಮನುಷ್ಯನ ಬಾಳಿನ ಖಾತೆ ಪುಸ್ತಕ ತೆರೆದು ನೋಡಿದರೆ, ತೆರೆಯ ಮೇಲಿನ ಪ್ರಾಣ್‌ಗೂ ಮನೆಯ ಪ್ರಾಣ್‌ಗೂ ತಾಳೆಯೇ ಆಗೋದಿಲ್ಲ.

ಕ್ಯಾಮೆರಾ ಹಿಡಿದವನು ಕ್ಯಾಮೆರಾ ಮುಂದೆ

ಪ್ರಾಣ್ ಕಿಶನ್ ಸಿಕಂದ್ ಹುಟ್ಟಿದ್ದು 1920ರ ಫೆಬ್ರವರಿ 12ರಂದು, ಹಳೆಯ ದಿಲ್ಲಿಯ ಬಲ್ಲಿಮಾರಾನ್‌ನಲ್ಲಿ. ತಂದೆ ಸಿವಿಲ್ ಎಂಜಿನಿಯರು. ರಸ್ತೆ, ಸೇತುವೆ ಕಟ್ಟಿಸುವ ಸರ್ಕಾರಿ ಕಂತ್ರಾಟು. ಕೆಲಸ ಇದ್ದ ಕಡೆಗೆಲ್ಲ ಸಂಸಾರ ಹೊರಡಬೇಕು. ಹೀಗೆ ಊರೂರು ಅಲೆಯುತ್ತಲೇ ಹುಡುಗ ಮೆಟ್ರಿಕ್ ಮುಗಿಸಿದ. ಮುಂದೆ ಓದಲು ಮನಸ್ಸಿಲ್ಲ. ಫೋಟೋ ಹುಚ್ಚು ಹಿಡಿದಿತ್ತು. ದಿಲ್ಲಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಕಲಿಯಲು ಸೇರಿದ.

ಅದೇ ಕೆಲಸದ ಮೇಲೆ ಶಿಮ್ಲಾಕ್ಕೆ ಹೋದಾಗ ಅಲ್ಲಿನ ರಾಮಲೀಲೆಯಲ್ಲಿ ಬಣ್ಣ ಹಚ್ಚುವ ಯೋಗ ಬಂತು. ಯಾವ ಪಾರ್ಟು ಅಂತೀರಿ? ರಾವಣನಲ್ಲ ಸ್ವಾಮಿ, ಸೀತೆ! ರಾಮನಾಗಿದ್ದವನು ಮದನ್ ಪುರಿ. ಮುಂದೆ ಅವನೂ ಹಿಂದಿ ತೆರೆಯ ದೊಡ್ಡ ಖಳನೇ ಆದ. ಆವತ್ತಿನ ರಾಮ ಸೀತೆ ಇಬ್ಬರೂ ಮುಂದೆ ದೇಶಕ್ಕೆಲ್ಲ ಕೇಡಿಗಳಾದರು ನೋಡಿ!

ಫೋಟೋ ಕೆಲಸ ಲಾಹೋರಿಗೆ ಕರೆದೊಯ್ದಿತು. ಒಂದು ರಾತ್ರಿ ಪಾನ್ ಅಂಗಡಿ ಮುಂದೆ ನಿಂತು ಎಲೆ ಅಗಿಯುತ್ತಿದ್ದ ಹುಡುಗನ ಠೀವಿಯನ್ನು ಕಥೆಗಾರ ವಲಿ ಮೊಹಮ್ಮದ್ ವಲಿ ಕಂಡರು. ತಾವು ಬರೆಯುತ್ತಿದ್ದ ಕಥೆಯ ಪಾತ್ರ ಎದುರಿಗೇ ನಿಂತ ಹಾಗಾಯಿತು. ನಾಳೆ ಪಂಚೋಲಿ ಸ್ಟುಡಿಯೋಕ್ಕೆ ಬಾ ಅಂದರು. ಕುಡಿದ ಅಮಲಿನ ಮಾತು ಅಂತ ಪ್ರಾಣ್ ಹೋಗಲೇ ಇಲ್ಲ! ಮತ್ತೊಮ್ಮೆ ಸಿಕ್ಕಾಗ ವಲಿ ಸಾಹೇಬರು ಚೆನ್ನಾಗಿ ಉಗಿದ ಮೇಲೆಯೇ ಹೋದದ್ದು. ಹಾಗೆ ಸಿಕ್ಕಿದ್ದು 1940ರ ಪಂಜಾಬಿ ಚಿತ್ರ ‘ಯಮ್ಲಾ ಜಟ್’. ಮೊದಲ ಚಿತ್ರದಲ್ಲೇ ಖಳನ ಪಾರ್ಟು.

1942ರಲ್ಲಿ ‘ಖಾನ್‌ದಾನ್’ ಚಿತ್ರದಲ್ಲಿ ನೂರ್‌ಜಹಾನ್ ಎದುರು ನಾಯಕನೂ ಆದರು. ಚಿತ್ರ ಗೆದ್ದಿತು. ಆದರೆ ಮರ ಸುತ್ತಿ ಹಾಡು ಹೇಳೋದು ತಮಗೆ ಒಗ್ಗದ ಕೆಲಸ ಅಂತ ಪ್ರಾಣ್‌ಗೆ ಅಲ್ಲೇ ಅನಿಸಿಬಿಟ್ಟಿತು. ಕೈಗೆ ಬಂದ ಹೀರೋ ಪಟ್ಟವನ್ನು ಬೇಡ ಅಂದವರು ಎಷ್ಟು ಜನ ಇದ್ದಾರು?

ಮತ್ತೆ ಸೊನ್ನೆಯಿಂದ

ಲಾಹೋರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಿತ್ರ ಮಾಡಿ ಹೆಸರು, ಹಣ, ಮನೆ, ಕಾರು ಎಲ್ಲ ಆಯಿತು. ಅಷ್ಟರಲ್ಲಿ 1947 ಬಂತು. ಗಲಭೆಯ ಸುಳಿವು ಕಂಡು ಹೆಂಡತಿಯನ್ನೂ ಎಳೆಗೂಸನ್ನೂ ಮೊದಲೇ ಇಂದೋರಿಗೆ ಕಳಿಸಿದ್ದರು. ಮಗನ ಮೊದಲ ಹುಟ್ಟುಹಬ್ಬಕ್ಕೆಂದು ಆಗಸ್ಟಿನಲ್ಲಿ ತಾವೂ ಹೊರಟರು. ಹೊರಟದ್ದೇ ಬಂತು. ಲಾಹೋರು ಹೊತ್ತಿ ಉರಿಯಿತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಕಟ್ಟಿಕೊಂಡದ್ದೆಲ್ಲ ಅಲ್ಲೇ ಉಳಿಯಿತು.

ಸ್ವಾತಂತ್ರ್ಯದ ಹಿಂದಿನ ದಿನ ಬೊಂಬಾಯಿಗೆ ಬಂದಿಳಿದರು. ಲಾಹೋರಿನ ಸ್ಟಾರು ಅಂತ ಕೈಯಲ್ಲಿದ್ದ ದುಡ್ಡಿಗೆ ಮೊದಲು ಇಳಿದದ್ದು ತಾಜ್ ಹೋಟೆಲಿನಲ್ಲಿ. ಕೆಲಸ ಸಿಗಲಿಲ್ಲ. ತಾಜ್ ಬಿಟ್ಟು ಅದಕ್ಕಿಂತ ಸಣ್ಣ ಹೋಟೆಲು, ಅದನ್ನೂ ಬಿಟ್ಟು ಇನ್ನೂ ಸಣ್ಣದು. ಹೆಂಡತಿಯ ಒಡವೆ ಅಂಗಡಿ ಸೇರಿತು. ಮರೀನ್ ಡ್ರೈವಿನ ಒಂದು ಹೋಟೆಲಿನಲ್ಲಿ ಕೆಲಸಕ್ಕೂ ನಿಂತರು. ದಂಧೆ ಮುಳುಗಿ ಬೇರೆ ಊರಲ್ಲಿ ಗಲ್ಲಾ ಪೆಟ್ಟಿಗೆ ತೆರೆದವರಿಗೆ ಈ ಸಂಕಟ ಗೊತ್ತು. ಹಳೆ ಊರಿನ ಹೆಸರು ಹೊಸ ಊರಿನಲ್ಲಿ ಚಲಾವಣೆ ಆಗೋದಿಲ್ಲ.

ಕೊನೆಗೆ ಕೈ ಹಿಡಿದವರು ಉರ್ದು ಕಥೆಗಾರ ಸಾದತ್ ಹಸನ್ ಮಂಟೋ ಮತ್ತು ನಟ ಶ್ಯಾಮ್. ಅವರ ಶಿಫಾರಸಿನಿಂದ ಬಾಂಬೆ ಟಾಕೀಸಿನ ‘ಜಿದ್ದಿ’ (1948) ಸಿಕ್ಕಿತು. ದೇವ್ ಆನಂದ್ ಹೀರೋ, ಪ್ರಾಣ್ ವಿಲನ್. ಆಮೇಲೆ ತಿರುಗಿ ನೋಡುವ ಪ್ರಸಂಗ ಬರಲಿಲ್ಲ.

ಕುತ್ತಿಗೆಯ ಸುತ್ತ ಬೆರಳು

ಫೋಟೋಗ್ರಾಫರನ ಕಣ್ಣು ಇಲ್ಲಿ ಉಪಯೋಗಕ್ಕೆ ಬಂತು. ಪ್ರತಿ ಪಾರ್ಟಿಗೂ ಬೇರೆ ಮುಖ ಬೇಕು ಅನ್ನೋದು ಪ್ರಾಣ್ ಹಟ. ಕತೆ ಕೇಳಿದ ಮೇಲೆ ಈ ಮನುಷ್ಯ ಹೇಗಿದ್ದಾನು ಅಂತ ಯೋಚಿಸಿ ವಿಗ್ಗು, ಮೀಸೆ, ಗಡ್ಡ ಗೊತ್ತು ಮಾಡುತ್ತಿದ್ದರು. 1949ರ ‘ಬಡೀ ಬೆಹನ್’ನಲ್ಲಿ ಸಿಗರೇಟಿನ ಹೊಗೆಯನ್ನು ಬಳೆ ಬಳೆಯಾಗಿ ಬಿಟ್ಟರು. ದೇಶದ ಹುಡುಗರೆಲ್ಲ ಕನ್ನಡಿ ಮುಂದೆ ಅದನ್ನೇ ಅಭ್ಯಾಸ ಮಾಡಿದರು.

1960ರಲ್ಲಿ ರಾಜ್ ಕಪೂರ್ ಅವರ ‘ಜಿಸ್ ದೇಶ್ ಮೇ ಗಂಗಾ ಬೆಹತೀ ಹೈ’ ಬಂತು. ಅದರಲ್ಲಿ ಪ್ರಾಣ್ ಡಕಾಯಿತ ರಾಕಾ. ಮಾತಿನ ಮಧ್ಯೆ ಮಧ್ಯೆ ಕಾಲರಿನೊಳಗೆ ಬೆರಳಿಟ್ಟು ಕುತ್ತಿಗೆ ಸುತ್ತ ಆಡಿಸೋದು ಅವನ ಚಾಳಿ. ಇಂದಲ್ಲ ನಾಳೆ ನೇಣು ಬೀಳುತ್ತೆ ಅಂತ ಒಳಗೊಳಗೇ ಅಂಜುವ ಡಕಾಯಿತ! ಒಂದು ಬೆರಳಿನಲ್ಲಿ ಪೂರ್ತಿ ಪಾತ್ರ ಹೇಳಿಬಿಟ್ಟರು. ‘ಮಧುಮತಿ’ಯ (1958) ಕಾಮುಕ ಜಮೀನ್ದಾರ, ‘ರಾಮ್ ಔರ್ ಶ್ಯಾಮ್’ನಲ್ಲಿ (1967) ಚಾಟಿ ಹಿಡಿದು ಬಡಪಾಯಿ ದಿಲೀಪ್ ಕುಮಾರನ ಬೆನ್ನು ಸುಲಿಯುವ ಭಾವ, ಇವರನ್ನೆಲ್ಲ ಕಂಡವರು ಹಲ್ಲು ಕಡಿದದ್ದೇ ಕಡಿದದ್ದು.

ಆ ಕಾಲದ ಎಷ್ಟೋ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಎಲ್ಲ ನಟರ ಹೆಸರು ಮುಗಿದ ಮೇಲೆ ಕಡೆಗೆ ‘ಆ್ಯಂಡ್ ಪ್ರಾಣ್’ ಅಂತ ಬರುತ್ತಿತ್ತು. ಅದು ಸಣ್ಣ ಜಾಗವಲ್ಲ. ಊಟದ ಎಲೆಗೆ ಕಡೆಗೆ ಬರುವ ಹೋಳಿಗೆಯ ಜಾಗ. 2004ರಲ್ಲಿ ಬಂದ ಅವರ ಜೀವನ ಚರಿತ್ರೆಗೂ ಅದೇ ಹೆಸರು.

ಹೆಸರಿಗೇ ಕುತ್ತು

ಈ ಗೆಲುವಿಗೆ ಕೊಟ್ಟ ಬೆಲೆಯೂ ಕಡಿಮೆಯದಲ್ಲ. ನಮ್ಮಲ್ಲಿ ಮಗನಿಗೆ ಶಕುನಿ, ದುಶ್ಶಾಸನ ಅಂತ ಹೆಸರಿಡುವವರನ್ನು ನೋಡಿದ್ದೀರಾ? ಉತ್ತರ ಭಾರತದಲ್ಲಿ ಪ್ರಾಣ್ ಅನ್ನುವ ಹೆಸರಿಗೂ ಅದೇ ಗತಿ ಬಂತು. ಐವತ್ತರ ದಶಕದಿಂದೀಚೆಗೆ ಹುಟ್ಟಿದ ಮಕ್ಕಳಲ್ಲಿ ಆ ಹೆಸರು ಹುಡುಕಿದರೂ ಸಿಗದು ಎಂಬ ಮಾತು ಪತ್ರಿಕೆಗಳಲ್ಲಿ ಬಹಳ ಓಡಾಡಿತು. ತಂದೆ ತಾಯಿ ಪ್ರೀತಿಯಿಂದ ಇಟ್ಟ ಹೆಸರು ದೇಶದ ತೊಟ್ಟಿಲುಗಳಿಂದಲೇ ಬಹಿಷ್ಕಾರ! ದಿಲ್ಲಿಯ ಸ್ನೇಹಿತನ ಮನೆಗೆ ಹೋದರೆ, ಪ್ರಾಣ್ ಬರುತ್ತಾನೆ ಅಂತ ಅವನು ತಂಗಿಯನ್ನು ಬೇರೆ ಕಡೆ ಕಳಿಸಿದ್ದನಂತೆ. ಇದನ್ನು ಪ್ರಾಣ್ ಅವರೇ ಹೇಳಿಕೊಂಡಿದ್ದಾರೆ.

ಈ ಕಳಂಕ ತೊಳೆದದ್ದು ಮನೋಜ್ ಕುಮಾರ್ ಅವರ ‘ಉಪಕಾರ್’ (1967). ಅದರಲ್ಲಿ ಪ್ರಾಣ್ ಊರುಗೋಲು ಹಿಡಿದ ಮಲಂಗ ಚಾಚಾ. ಮನಸ್ಸು ಚಿನ್ನ, ಮಾತು ಕಾರ. ಮನ್ನಾ ಡೇ ಹಾಡಿದ ಒಳ್ಳೆಯ ಹಾಡೊಂದನ್ನು ಖಳನ ಬಾಯಿಗೆ ಕೊಟ್ಟರೆ ಹಾಡೇ ಹಾಳಾಗುತ್ತೆ ಅಂತ ಸಂಗೀತಗಾರರು ತಕರಾರು ತೆಗೆದರಂತೆ. ಮನೋಜ್ ಕುಮಾರ್ ಜಗ್ಗಲಿಲ್ಲ. ಚಿತ್ರ ಬಿಡುಗಡೆ ಆದ ಮೇಲೆ ರಸ್ತೆಯಲ್ಲಿ ಬಯ್ಯುತ್ತಿದ್ದ ಅದೇ ಜನ ದಾರಿ ಬಿಟ್ಟು ನಿಂತು ಕೈ ಮುಗಿದರು. ಪೋಷಕ ನಟನೆಗೆ ಫಿಲಂಫೇರ್ ಪ್ರಶಸ್ತಿಯೂ ಬಂತು.

‘ಬೇಈಮಾನ್’ ಮನುಷ್ಯನ ಈಮಾನು

ಪ್ರಾಣ್ ಕತೆಯಲ್ಲಿ ಮರೆಯಬಾರದ ಪ್ರಸಂಗ 1972ರ ಚಿತ್ರಗಳಿಗೆ ಫಿಲಂಫೇರ್ ಪ್ರಶಸ್ತಿ ಕೊಟ್ಟಾಗಿನದು. ‘ಬೇಈಮಾನ್’ ಚಿತ್ರದ ಪೊಲೀಸ್ ಪೇದೆ ಪಾತ್ರಕ್ಕೆ ಪ್ರಾಣ್‌ಗೆ ಪ್ರಶಸ್ತಿ ಬಂತು. ಅದೇ ಚಿತ್ರದ ಸಂಗೀತಕ್ಕೆ ಶಂಕರ್ ಜೈಕಿಶನ್ ಅವರಿಗೂ ಬಂತು. ಆದರೆ ಆ ವರ್ಷವೇ ‘ಪಾಕೀಜಾ’ ಬಿಡುಗಡೆ ಆಗಿತ್ತು. ಅದರ ಸಂಗೀತ ನಿರ್ದೇಶಕ ಗುಲಾಂ ಮೊಹಮ್ಮದ್, ಚಿತ್ರ ತೆರೆ ಕಾಣುವ ಮೊದಲೇ, 1968ರಲ್ಲಿ ತೀರಿಕೊಂಡಿದ್ದರು. ನ್ಯಾಯವಾಗಿ ಆ ಪ್ರಶಸ್ತಿ ಸಲ್ಲಬೇಕಾದ್ದು ಅವರಿಗೆ ಅಂತ ಪ್ರಾಣ್ ತಮ್ಮ ಪ್ರಶಸ್ತಿಯನ್ನೇ ಬೇಡ ಅಂದರು. ಸತ್ತವರಿಂದ ಯಾವ ಲಾಭವೂ ಇಲ್ಲ. ಬದುಕಿದ್ದವರ ಮುನಿಸು ಮಾತ್ರ ಖಾತ್ರಿ. ಹಾಗಿದ್ದೂ ಬೇಡ ಅಂದರು. ತೆರೆ ಮೇಲೆ ಸುಳ್ಳು ತಕ್ಕಡಿ ಹಿಡಿದವನ ನಿಜದ ತಕ್ಕಡಿ ಹೀಗಿತ್ತು.

‘ಮೇರಾ ನಾಮ್ ಜೋಕರ್’ (1970) ಸೋತು ರಾಜ್ ಕಪೂರ್ ಸಾಲದಲ್ಲಿ ಮುಳುಗಿದ್ದಾಗ, ‘ಬಾಬಿ’ (1973) ಚಿತ್ರಕ್ಕೆ ಪ್ರಾಣ್ ಒಂದೇ ರೂಪಾಯಿ ಮುಂಗಡ ಪಡೆದು ಒಪ್ಪಿಕೊಂಡರು ಅನ್ನೋದೂ ಚಿತ್ರರಂಗದಲ್ಲಿ ಹೆಸರಾದ ಮಾತು.

ಅದೇ 1973ರಲ್ಲಿ ‘ಜಂಜೀರ್’. ದೊಡ್ಡ ದೊಡ್ಡ ಹೀರೋಗಳು ಒಲ್ಲೆ ಅಂದ ಪಾರ್ಟಿಗೆ, ಒಂದರ ಹಿಂದೊಂದು ಚಿತ್ರ ಸೋತು ಕೂತಿದ್ದ ಉದ್ದನೆ ಹುಡುಗ ಅಮಿತಾಭ್ ಬಚ್ಚನ್‌ನನ್ನು ಹಾಕಿ ನೋಡಿ ಅಂತ ನಿರ್ದೇಶಕ ಪ್ರಕಾಶ್ ಮೆಹ್ರಾಗೆ ಹೇಳಿದವರಲ್ಲಿ ಪ್ರಾಣ್ ಒಬ್ಬರು. ಚಿತ್ರದಲ್ಲಿ ಪಠಾಣ ಶೇರ್ ಖಾನ್ ಠಾಣೆಗೆ ಬಂದು ಕೂರಲು ಹೋಗುತ್ತಾನೆ. ಇನ್ಸ್‌ಪೆಕ್ಟರ್ ಕುರ್ಚಿಯನ್ನೇ ಒದೆಯುತ್ತಾನೆ. ಟಾಕೀಸು ಎದ್ದು ನಿಂತಿತು. ಯಾಕೆ? ಎದುರಿಗಿದ್ದವನು ಪ್ರಾಣ್! ನರಪೇತಲ ಕೇಡಿಯ ಮುಂದೆ ಕುರ್ಚಿ ಒದ್ದರೆ ಯಾರು ಶಿಳ್ಳೆ ಹಾಕ್ತಾರೆ? ಖಳನ ತೂಕ ಎಷ್ಟೋ ಹೀರೋ ತೂಕವೂ ಅಷ್ಟೇ. ಅಮಿತಾಭ್ ಎತ್ತರಕ್ಕೆ ಏರಿದಾಗ ಹೆಗಲು ಕೊಟ್ಟವರಲ್ಲಿ ಈ ಹಳೆ ವಿಲನ್ನೂ ಸೇರಿದ್ದರು.

ಬಾಗಿಲಿಗೆ ಬಂದ ಪ್ರಶಸ್ತಿ

2001ರಲ್ಲಿ ಪದ್ಮಭೂಷಣ. 2012ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಘೋಷಣೆ ಆದಾಗ ವಯಸ್ಸು 93. ದಿಲ್ಲಿಗೆ ಹೋಗುವ ಶಕ್ತಿ ಇರಲಿಲ್ಲ. 2013ರ ಮೇ ತಿಂಗಳಲ್ಲಿ ಕೇಂದ್ರ ಮಂತ್ರಿಗಳೇ ಮುಂಬಯಿಯ ಮನೆಗೆ ಬಂದು ಕೈಗಿತ್ತರು. ಎರಡು ತಿಂಗಳು ತುಂಬಿತ್ತೋ ಇಲ್ಲವೋ, ಜುಲೈ 12ರಂದು ಪ್ರಾಣ್ ಕಣ್ಣು ಮುಚ್ಚಿದರು.

ಇವತ್ತು ಟಾಕೀಸುಗಳ ಜಾಗದಲ್ಲಿ ಕಾಂಪ್ಲೆಕ್ಸು ಎದ್ದಿವೆ. ಬಯ್ಯುವ ಜನ ಮಾತ್ರ ಹಾಗೇ ಇದ್ದೇವೆ. ಸಂಜೆ ಟಿ.ವಿ. ಧಾರಾವಾಹಿಯಲ್ಲಿ ಸೊಸೆಗೆ ಕಾಟ ಕೊಡುವ ಅತ್ತೆ ಮಾರನೇ ದಿನ ತರಕಾರಿ ಕೊಳ್ಳಲು ಬಂದರೆ ಮುಖ ತಿರುಗಿಸುವವರು, ಮೊಬೈಲಿನಲ್ಲಿ ಬಾಯಿಗೆ ಬಂದಂತೆ ಬರೆಯುವವರು ನಮ್ಮ ನಡುವೆಯೇ ಇದ್ದಾರೆ. ಆಕೆಗೂ ಮನೆ ಇದೆ, ಮಕ್ಕಳಿದ್ದಾರೆ, ಶಾಲೆಯಲ್ಲಿ ಆ ಮಕ್ಕಳನ್ನು ಕೆಣಕುವವರಿದ್ದಾರೆ ಅನ್ನೋದು ನೆನಪಿಗೇ ಬರೋದಿಲ್ಲ.

ಪರದೆ ಮೇಲೆ ಇರುವಷ್ಟು ಹೊತ್ತು ಧಾರಾಳವಾಗಿ ಬಯ್ಯಿರಿ ಸ್ವಾಮಿ, ಅದು ಅವರ ಸಂಬಳ. ಬೀದಿಯಲ್ಲಿ ಸಿಕ್ಕಾಗ ಒಂದು ನಮಸ್ಕಾರ ಹೇಳಿ. ಅದು ನಾವು ಉಳಿಸಿಕೊಂಡಿರುವ ಬಾಕಿ.