ದೀಪ ಬಂದ ಬಾಗಿಲು

ಮನೆ ಕಟ್ಟುವುದು ಬೇರೆ, ಊರಿನವರಾಗುವುದು ಬೇರೆ. ಮೊದಲನೆಯದಕ್ಕೆ ಕಲ್ಲು, ಮರ, ಹಣ ಸಾಕು. ಎರಡನೆಯದಕ್ಕೆ ನೆರೆಹೊರೆಯ ಒಪ್ಪಿಗೆ ಬೇಕು. ಅದನ್ನು ಯಾರೂ ಕಾಗದದಲ್ಲಿ ಬರೆದುಕೊಡಲಾರರು. ನಮ್ಮ ಮಲೆನಾಡಿನ ಹಿರಿಯರು ಅದನ್ನು ಹಾಡಿನ ಮೂಲಕ ಕೊಡುವ ಬಗೆಯೊಂದನ್ನು ಕಂಡುಕೊಂಡಿದ್ದರು.

ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳಲ್ಲಿ ದೀಪಾವಳಿಯ ರಾತ್ರಿಗಳಂದು ನಡೆಯುವ ಅಂಟಿಗೆ-ಪಂಟಿಗೆಯನ್ನು ಬಲ್ಲ ಓದುಗರು ಅನೇಕರಿದ್ದಾರೆ. ಹಾಡುಗಾರರ ತಂಡವು ಜ್ಯೋತಿಯನ್ನು ಹಿಡಿದು ಮನೆಯಿಂದ ಮನೆಗೆ ನಡೆಯುತ್ತದೆ. ದಾರಿಯಲ್ಲಿ ಅದು ಆರದಂತೆ ಕಾಯುವುದೇ ಒಂದು ವ್ರತ. ಮುಚ್ಚಿದ ಬಾಗಿಲ ಮುಂದೆ ನಿಂತು, ಬಾಗಿಲು ತೆರೆಯಿರೆಂದು ಹಾಡುತ್ತಾರೆ. ಮನೆಯವರು ಎದ್ದು ಬಂದು ದೀಪಕ್ಕೆ ಎಣ್ಣೆ ಎರೆದು, ಅಕ್ಕಿ, ಕಾಣಿಕೆ ನೀಡಿ ಕಳುಹಿಸುತ್ತಾರೆ. ಇಲ್ಲಿ ಸುಮ್ಮನೆ ನೋಡುವವರೆಂಬ ವರ್ಗವೇ ಇಲ್ಲ. ಬಾಗಿಲು ತೆರೆಯದಿದ್ದರೆ ಹಾಡು ಮುಂದುವರಿಯದು. ಮನೆಗಳು ಎಣ್ಣೆ ಎರೆಯದಿದ್ದರೆ ದೀಪ ಮುಂದಿನ ಮನೆ ತಲುಪದು.

ಈ ಮಾತಿನ ತೂಕ ತಿಳಿಯಬೇಕಾದರೆ ನೆಲೆ ಬದಲಿಸಿದವರನ್ನು ನೆನೆಯಬೇಕು. ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ 419 ಕುಟುಂಬಗಳು 2001–02ರಲ್ಲಿ ಹುಟ್ಟಿದ ನೆಲವನ್ನು ಬಿಟ್ಟು ಹೊರಬಂದವು. ಹೆಚ್ಚಿನವರು ತರೀಕೆರೆ ಕಡೆಯ ಎಂ.ಸಿ. ಹಳ್ಳಿಯಲ್ಲೂ, ಉಳಿದವರು ಕಾಫಿ ಸೀಮೆಯ ಕೆಳಗೂರಿನಲ್ಲೂ ನೆಲೆಗೊಂಡರು. ಭೂಮಿ, ರಸ್ತೆ, ಶಾಲೆ, ವಿದ್ಯುತ್ತು ದೊರೆತವು. ಕಾಡುಪ್ರಾಣಿಗಳ ಉಪಟಳ ತಗ್ಗಿತು. ದೇಶದಲ್ಲಿ ಇದನ್ನು ಒಳ್ಳೆಯ ಪುನರ್ವಸತಿಯ ಮಾದರಿಯೆಂದು ವಿದ್ವಾಂಸರು ಎಣಿಸಿದ್ದಾರೆ. ಆದರೆ ಯಾವ ಮನೆಯ ನಂತರ ಯಾವ ಮನೆಗೆ ದೀಪ ಹೋಗಬೇಕೆಂಬ ಹಳೆಯ ಊರಿನ ಕ್ರಮವನ್ನು ಯಾವ ಮೋಜಣಿದಾರನೂ ಅಳೆದು ಕೊಡಲಾರನು. ಹಲವು ಹಳ್ಳಿಗಳವರು ಒಂದೆಡೆ ಕೂಡಿದಾಗ ಆ ದಾರಿಯನ್ನು ಹೊಸದಾಗಿ ನಡೆದೇ ಕಂಡುಕೊಳ್ಳಬೇಕು.

ಇಂದು ಮೂಡಿಗೆರೆ, ಕಳಸದ ತೋಟಗಳ ಲೈನು ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ಅವರಿಗೆ ನಮ್ಮ ಪದಗಳು ತಿಳಿಯವೆಂದು ಕೆಲವರು ಹೇಳಬಹುದು. ಅದು ನಿಜವೇ. ಆದರೆ ಆ ಮನೆಗಳವರು ಹಾಡಬೇಕಾದುದಿಲ್ಲ; ಬಾಗಿಲು ತೆರೆದು ಒಂದು ಹನಿ ಎಣ್ಣೆ ಎರೆದರೆ ಸಾಕು. ಅದಕ್ಕೆ ಭಾಷೆ ಬೇಡ.

ತರುಣರು ಬೆಂಗಳೂರು ಸೇರಿದ ಊರುಗಳಲ್ಲಿ ತಂಡ ಕಟ್ಟುವುದೇ ಕಷ್ಟವಾಗಿದೆ. ಇರುವ ನಾಲ್ವರೂ ದಣಿದು, ಪರಿಚಿತರ ಮನೆಗಳಷ್ಟಕ್ಕೇ ಹೋಗಿ ಬರುವುದುಂಟು. ಹಾಗೆ ಬಿಟ್ಟುಹೋದ ಬಾಗಿಲೊಳಗೆ ಒಂದು ಮಗು ಹಾಡಿನ ದನಿ ದೂರ ಸರಿಯುವುದನ್ನು ಕೇಳುತ್ತಿರುತ್ತದೆ. ಆದುದರಿಂದ ನಮ್ಮ ಗೃಹಸ್ಥ ಬಂಧುಗಳಲ್ಲಿ ನಾವು ಬೇಡುವುದು ಇಷ್ಟೇ: ಬರುವ ದೀಪಾವಳಿಗೆ ಮನೆಯ ಮಕ್ಕಳನ್ನು ತಂಡದೊಡನೆ ಕಳುಹಿಸಿರಿ, ಮತ್ತು ಊರಿಗೆ ಹೊಸದಾಗಿ ಬಂದವರ ಬಾಗಿಲಿಗೇ ಮೊದಲು ದೀಪವನ್ನು ಒಯ್ಯಿರಿ.