ಊರೊಳಗಿನ ಹಳೇ ಮನಿ ಕೊಳ್ಳೋರು ಮೊದಲು ನೋಡಬೇಕಾದ್ದು ಗ್ವಾಡಿ ಅಲ್ಲ, ಉತಾರ

ರಾಣೆಬೆನ್ನೂರು: ಮೇಡ್ಲೇರಿಯಂಥ ದೊಡ್ಡ ಊರಿನ ಹಳೇ ಓಣಿಗಳಲ್ಲಿ ಒಂದು ಸುತ್ತು ಹಾಕಿದರೆ ಬೀಗ ಬಿದ್ದ ಮನೆಗಳು ಕಣ್ಣಿಗೆ ಬೀಳುತ್ತವೆ. ಮುಂದೆ ಕಲ್ಲಿನ ಕಟ್ಟಿ, ಕೆತ್ತನೆಯ ಬಾಗಿಲು, ಒಳಗೆ ಪಡಸಾಲಿ, ಹಿಂದೆ ಹಿತ್ತಲ. ಮಕ್ಕಳು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆ ಸೇರಿದ್ದಾರೆ. ಮನೆ ಮಾತ್ರ ಉಳಿದಿದೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಪಟ್ಟಣಗಳ ಹಳೇ ಭಾಗದಲ್ಲೂ ಇದೇ ಚಿತ್ರ.

ಊರ ಹೊರಗಿನ ಹೊಸ ಲೇಔಟ್‌ನಲ್ಲಿ ಸೈಟು ಹಿಡಿದು ಮನೆ ಕಟ್ಟಿಸುವ ಶಕ್ತಿ ಇಲ್ಲದವರು ಈಗ ಇಂಥ ಮನೆಗಳ ಕಡೆ ತಿರುಗುತ್ತಿದ್ದಾರೆ. ಗುಡಿ, ಸಾಲಿ, ಸಂತಿ ಎಲ್ಲಾ ಹತ್ತಿರ. ಮಣ್ಣಿನ ಗೋಡೆ ಎರಡಡಿ ದಪ್ಪ ಇರುವುದರಿಂದ ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು. ‘ಮನಿ ಚಲೋ ಐತಿ, ರೇಟು ಕಡಿಮಿ ಐತಿ, ಮುಂಗಡ ಕೊಟ್ಟುಬಿಡೋಣ’ ಎಂದು ಅವಸರ ಮಾಡುವುದು ಇಲ್ಲಿಯೇ. ರೇಟು ಕಡಿಮೆ ಇರುವುದಕ್ಕೆ ಬಹಳ ಸಲ ಒಂದು ಕಾರಣ ಇರುತ್ತದೆ. ಆ ಕಾರಣ ಗೋಡೆಯಲ್ಲಿ ಕಾಣುವುದಿಲ್ಲ, ಕಾಗದದಲ್ಲಿ ಇರುತ್ತದೆ.

ಮನೆ ಯಾರದು?

ಹಳೇ ಮನೆಯ ಮೊದಲ ತೊಡಕು ಇದೇ. ಉತಾರ ಅಜ್ಜನ ಹೆಸರಿನಲ್ಲಿ ಇರುತ್ತದೆ, ಅಜ್ಜ ತೀರಿ ಮೂವತ್ತು ವರ್ಷ ಆಗಿರುತ್ತದೆ. ಮಾರಲು ಬಂದವನು ಮೊಮ್ಮಗ. ‘ನಮ್ಮ ಪಾಲಾಗೇತ್ರಿ, ಈ ಮನಿ ನನ್ನ ಪಾಲಿಗೆ ಬಂದೈತಿ’ ಅನ್ನುತ್ತಾನೆ. ಆದರೆ ಆ ಪಾಲು ಹಿರಿಯರ ಮುಂದೆ ಬಾಯಿಮಾತಿನಲ್ಲಿ ಆದದ್ದು. ಹೆಚ್ಚೆಂದರೆ ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿದ್ದು.

ಇಲ್ಲಿ ಅತ್ತೆಯಂದಿರು, ಅಕ್ಕ-ತಂಗಿಯರ ಹಕ್ಕು ಬರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, ತಂದೆ 2005ಕ್ಕೂ ಮೊದಲೇ ತೀರಿದ್ದರೂ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೂ ಮೊದಲು ಆದ ಮಾರಾಟ ಮತ್ತು ವಿಭಾಗಗಳಿಗೆ ಕಾಯ್ದೆಯಲ್ಲಿ ರಕ್ಷಣೆ ಇದೆ. ಆದರೆ ವಿಭಾಗ ನೋಂದಣಿಯಾಗಿರಬೇಕು ಇಲ್ಲವೇ ಕೋರ್ಟ್ ಡಿಕ್ರಿಯಿಂದ ಆಗಿರಬೇಕು. ಬಾಯಿಮಾತಿನ ಪಾಲನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ; ಅದನ್ನು ಸಾಬೀತು ಮಾಡಲು ಸರ್ಕಾರಿ ದಾಖಲೆಗಳ ಬೆಂಬಲ ಬೇಕು.

ಹಾಗಾಗಿ ವಂಶಾವಳಿ ಮೊದಲು ತೆಗೆಸಬೇಕು. ಅದರಲ್ಲಿ ಬದುಕಿರುವ ಪ್ರತಿಯೊಬ್ಬರೂ, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳೂ ಸೇರಿ, ಖರೀದಿ ಪತ್ರಕ್ಕೆ ಸಹಿ ಹಾಕಬೇಕು ಅಥವಾ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಡಬೇಕು. ‘ಅಕ್ಕಾರು ಏನೂ ಅನ್ನಂಗಿಲ್ರಿ’ ಎಂಬ ಮಾತು ರೊಕ್ಕ ಕೈ ಬದಲಾಗುವವರೆಗೆ ಮಾತ್ರ ನಿಲ್ಲುತ್ತದೆ. ಅಪ್ರಾಪ್ತ ವಯಸ್ಸಿನ ಮಕ್ಕಳ ಪಾಲು ಇದ್ದರೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯೂ ಮುಂದೆ ಇಡಬಾರದು.

‘ಉಳಿದವರು ಬೇಡ, ನನ್ನ ಪಾಲಷ್ಟೇ ತಗೋರಿ’ ಎಂದು ಯಾರಾದರೂ ಅಂದರೆ? ಅದಕ್ಕಿಂತ ದೊಡ್ಡ ಕುತ್ತು ಇಲ್ಲ. ಒಂದೇ ಮನೆತನದವರು ಹಂಚಿಕೊಳ್ಳದೆ ಇಟ್ಟುಕೊಂಡ ವಾಸದ ಮನೆಯಲ್ಲಿ ಒಬ್ಬನ ಪಾಲು ಕೊಂಡ ಹೊರಗಿನವನಿಗೆ ಆ ಮನೆಯೊಳಗೆ ಹೋಗಿ ಅವರ ಜೊತೆ ಇರುವ ಹಕ್ಕು ಇಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 44ನೇ ಕಲಂ ಹೇಳುವುದು ಇದನ್ನೇ. ವಿಭಾಗಕ್ಕಾಗಿ ದಾವೆ ಹೂಡಬೇಕು. ಆಗಲೂ 1893ರ ವಿಭಾಗ ಕಾಯ್ದೆಯ ಪ್ರಕಾರ ಮನೆಯವರು ‘ಅವನ ಪಾಲನ್ನು ನಾವೇ ಕೊಳ್ಳುತ್ತೇವೆ’ ಎಂದು ಕೇಳಬಹುದು. ಕೊಟ್ಟ ರೊಕ್ಕ ವರ್ಷಗಟ್ಟಲೆ ಕೋರ್ಟಿನಲ್ಲಿ ಕೂರುತ್ತದೆ.

ಐದಂಕಣದ ಮನಿ, ಅಳತೆ ಎಷ್ಟು?

ಹಳೇ ಪತ್ರಗಳಲ್ಲಿ ಚದರ ಅಡಿ ಇರುವುದು ಅಪರೂಪ. ‘ಐದಂಕಣದ ಮಾಳಿಗಿ ಮನಿ, ಮುಂದ ಕಟ್ಟಿ, ಹಿಂದ ಹಿತ್ತಲ’ ಎಂದಷ್ಟೇ ಬರೆದಿರುತ್ತಾರೆ. ಅಂಕಣ ಅಂದರೆ ಎರಡು ಕಂಬದ ಸಾಲಿನ ನಡುವಿನ ಜಾಗ. ಅದು ಮನೆಯಿಂದ ಮನೆಗೆ ಬೇರೆ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಮನೆ ಎಂದಿದ್ದರೆ ಆ ಇಂಥವರು ತೀರಿಹೋಗಿ ಎರಡು ತಲೆಮಾರು ಕಳೆದಿರುತ್ತದೆ.

ಆದ್ದರಿಂದ ಭೂಮಾಪನ ಇಲಾಖೆಯಿಂದ ಅಳತೆ ಮಾಡಿಸಿ, ನಕ್ಷೆ ಪಡೆದು, ಅಕ್ಕಪಕ್ಕದವರ ಎದುರಿಗೇ ಗಡಿ ಗುರುತಿಸಿಕೊಳ್ಳುವುದು ಒಳ್ಳೆಯದು. ನಡುಗೋಡೆ ಯಾರದು ಎಂಬುದನ್ನು ಆಗಲೇ ಕೇಳಬೇಕು. ಹಳೇ ಓಣಿಗಳಲ್ಲಿ ಒಂದೇ ಗೋಡೆಯ ಮೇಲೆ ಎರಡೂ ಮನೆಯ ತೊಲೆ ಕೂತಿರುತ್ತವೆ. ನಿಮ್ಮ ಕಡೆಯ ಮನೆ ಕೆಡವಿದರೆ ಪಕ್ಕದವರ ಮಾಳಿಗೆ ಜೋತು ಬೀಳುತ್ತದೆ. ಪಕ್ಕದ ಮಾಳಿಗೆಯ ನೀರು ನಿಮ್ಮ ಹಿತ್ತಲಿಗೆ 20 ವರ್ಷ ತಡೆಯಿಲ್ಲದೆ ಹರಿದಿದ್ದರೆ ಅದು ಅವರ ಹಕ್ಕೇ ಆಗಿಬಿಡಬಹುದು. 1882ರ ಅನುಭೋಗ ಹಕ್ಕುಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ.

ಮುಂದಿನ ಕಟ್ಟಿಯನ್ನೂ ಅಳೆಸಬೇಕು. ಅದು ಎಷ್ಟೋ ಕಡೆ ಪಂಚಾಯಿತಿಯ ರಸ್ತೆಯ ಮೇಲೆ ಇರುತ್ತದೆ. ಗಟಾರ, ಸಿಸಿ ರಸ್ತೆ ಬಂದ ದಿನ ಕಟ್ಟಿ ಹೋಗುತ್ತದೆ.

ಪಟ್ಟಣದ ಮುಖ್ಯರಸ್ತೆಗೆ ಮುಖ ಮಾಡಿದ ಹಳೇ ಮನೆಯಾದರೆ ಅಗಲೀಕರಣದ ವಿಚಾರ ಮರೆಯಬಾರದು. ಬ್ಯಾಡಗಿಯಲ್ಲಿ ಗಜೇಂದ್ರಗಡ-ಸೊರಬ ಹೆದ್ದಾರಿ ಹಾಯುವ ಮುಖ್ಯರಸ್ತೆಯ ಅಗಲೀಕರಣ ವರ್ಷಾನುಗಟ್ಟಲೆ ಹೋರಾಟ, ಕೋರ್ಟು ಎಂದು ನಡೆದದ್ದು ಜಿಲ್ಲೆಯವರಿಗೆಲ್ಲ ಗೊತ್ತು. ಎರಡೂ ಕಡೆಯವರ ಮಾತಿನಲ್ಲಿ ನ್ಯಾಯ ಇದೆ. ಆದರೆ ಹೊಸದಾಗಿ ಕೊಳ್ಳುವವನು ಆ ಜಗಳವನ್ನೂ ಮನೆ ಜೊತೆಗೇ ಕೊಂಡಂತಾಗುತ್ತದೆ.

ಯಾವ ಯಾವ ಕಾಗದ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11ಎ ಇರಬೇಕು. ಹಳೇ ಗಾಂವಠಾಣದೊಳಗಿನ ಮನೆಗೆ 11ಬಿ ಕೊಟ್ಟಿದ್ದರೆ ಯಾಕೆ ಎಂದು ಪಿಡಿಒ ಅವರನ್ನು ಕೇಳಬೇಕು. ಬ್ಯಾಂಕಿನವರೂ ಸಾಲ ಕೊಡುವಾಗ ಅದನ್ನೇ ಕೇಳುತ್ತಾರೆ. ರಾಣೆಬೆನ್ನೂರು, ಹಾವೇರಿ ನಗರಸಭೆ ಮತ್ತು ಬ್ಯಾಡಗಿ ಪುರಸಭೆ ವ್ಯಾಪ್ತಿಯಲ್ಲಿ ಇ-ಖಾತಾ ಬೇಕು. ಸಿಟಿ ಸರ್ವೆ ಆದ ಭಾಗಗಳಲ್ಲಿ ಸಿಟಿಎಸ್ ಉತಾರವನ್ನೂ ತೆಗೆಸಿ ಎರಡರಲ್ಲೂ ಹೆಸರು, ಅಳತೆ ತಾಳೆಯಾಗುತ್ತದೆಯೇ ನೋಡಬೇಕು.

ಒಂದು ಮಾತು ನೆನಪಿರಲಿ: ಖಾತಾ ಅಂದರೆ ಕರ ಕಟ್ಟುವವರ ದಾಖಲೆ. ಮಾಲೀಕತ್ವ ಬರುವುದು ಖರೀದಿ ಪತ್ರ, ವಿಭಾಗ ಪತ್ರ, ಮೃತ್ಯುಪತ್ರ ಅಥವಾ ವಾರಸಾದಿಂದ.

ಋಣಭಾರ ಪ್ರಮಾಣಪತ್ರ, ಜನರ ಬಾಯಲ್ಲಿ ಇಸಿ, ಕಾವೇರಿ ತಂತ್ರಾಂಶದಲ್ಲಿ 2004ರಿಂದ ಈಚೆಗಿನದು ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಿ ಹಳೇ ಪುಸ್ತಕ ಹುಡುಕಿಸಬೇಕು. ಕನಿಷ್ಠ 30 ವರ್ಷದ್ದು ನೋಡುವುದು ವಾಡಿಕೆ. ಆದರೆ ಸೊಸೈಟಿಯಲ್ಲಿ ಅಥವಾ ಖಾಸಗಿಯವರ ಹತ್ತಿರ ಬರೀ ಪತ್ರ ಒತ್ತೆ ಇಟ್ಟು ಸಾಲ ಎತ್ತಿದ್ದರೆ ಇಸಿಯಲ್ಲಿ ಬಾರದೇ ಇರಬಹುದು. ಅಸಲು ಪತ್ರ ಕಣ್ಣಾರೆ ನೋಡುವವರೆಗೆ ಮುಂಗಡ ಬೇಡ.

ಬಾಂಡ್ ಪೇಪರ್ ಮೇಲೆ ಬರೆದುಕೊಂಡು ಮನೆ ಸೇರಿಕೊಳ್ಳುವುದು ನಮ್ಮ ಕಡೆ ಇನ್ನೂ ಇದೆ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟಕ್ಕೆ ನೋಂದಣಿ ಕಡ್ಡಾಯ. ಜಿಪಿಎ ಮೇಲೆ ಕೊಂಡರೆ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಗುಡಿ ಹತ್ತಿರದ ಮನೆಯಾದರೆ

ಹಾವೇರಿಯ ಸಿದ್ಧೇಶ್ವರ, ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರದ ಮುಕ್ತೇಶ್ವರ, ಗಳಗನಾಥದ ಗಳಗೇಶ್ವರ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಇಂಥ ಸ್ಮಾರಕದ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದನ್ನು ಬಿಗಿ ಮಾಡಿತು. ಅಳತೆ ಗುಡಿಯ ಗೋಡೆಯಿಂದ ಅಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ಹೀಗಾಗಿ ‘ಗುಡಿ ದೂರ ಐತಿ’ ಎಂದು ಕಣ್ಣಳತೆಯಲ್ಲಿ ನಂಬುವಂತಿಲ್ಲ.

ಮೊದಲ 100 ಮೀಟರಿನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಲು ಬರುವುದಿಲ್ಲ. 1992ರ ಜೂನ್ 16ಕ್ಕೂ ಮೊದಲಿನ ಮನೆಯಾದರೆ ದುರಸ್ತಿಗೆ ಅನುಮತಿ ಕೇಳಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೂ ಅನುಮತಿ ಬೇಕು. ನಿಷೇಧ ಮೀರಿ ಕಟ್ಟಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಪಂಚಾಯಿತಿ ಪರವಾನಗಿ ಇದ್ದರೂ ಇದು ತಪ್ಪುವುದಿಲ್ಲ. ಇರುವ ಮನೆಯಲ್ಲೇ ದುರಸ್ತಿ ಮಾಡಿಕೊಂಡು ಬಾಳುವವರಿಗೆ ಅಂಥ ಮನೆ ಅಡ್ಡಿಯಿಲ್ಲ. ಮೇಲೆ ಎರಡಂತಸ್ತು ಏರಿಸಬೇಕು ಎಂಬ ಆಸೆ ಇರುವವರು ಅತ್ತ ಹೋಗದಿರುವುದೇ ಲೇಸು.

ಮಳೆಗಾಲದಲ್ಲೊಮ್ಮೆ ನೋಡಿ

2024ರ ಜುಲೈನಲ್ಲಿ ಸವಣೂರು ತಾಲೂಕಿನ ಮಾದಾಪುರದಲ್ಲಿ ಮಳೆಗೆ ಮನೆಯ ಮೇಲ್ಛಾವಣಿ ಕುಸಿದು ಇಬ್ಬರು ಮಕ್ಕಳೂ ಸೇರಿ ಮೂವರು ತೀರಿಕೊಂಡರು. ಜಿಲ್ಲೆಯಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಮಣ್ಣಿನ ಮನೆಗಳು ಬೀಳುವುದು ಹೊಸದೇನಲ್ಲ. ಆದರೆ ಮಣ್ಣಿನ ಮನೆ ಅಂದ ಮಾತ್ರಕ್ಕೆ ಬೀಳುವ ಮನೆ ಅಲ್ಲ. ನೋಡಿಕೊಳ್ಳುವವರಿಲ್ಲದೆ ಬೀಗ ಹಾಕಿದ ಮನೆ ಬೀಳುತ್ತದೆ.

ಹಿಂದೆ ಮಳೆಗಾಲಕ್ಕೆ ಮೊದಲು ಮೇಲ್ಮುದ್ದಿಗೆ ಕರ್ಲ ಮಣ್ಣು ಹಾಕಿ ಬಿಗಿ ಮಾಡುತ್ತಿದ್ದರು. ಅದು ತಪ್ಪಿದ ವರ್ಷದಿಂದ ನೀರು ಇಳಿಯಲು ಶುರು. ತೊಲೆ, ಜಂತಿಗಳ ತುದಿ ಗೋಡೆಯೊಳಗೆ ಸೇರುವ ಕಡೆ ಕೊಳೆಯುತ್ತದೆ. ನಡುವೆ ಗಟ್ಟಿಯಾಗಿ ಕಂಡರೂ ತುದಿಯಲ್ಲಿ ಟೊಳ್ಳು. ಬಡಿಗೇರರನ್ನು ಕರೆದು ಅಲ್ಲಿ ಬಡಿಸಿ ನೋಡಬೇಕು. ಕಂಬದ ಬುಡಕ್ಕೆ ಗೆದ್ದಲು ಹತ್ತಿದೆಯೇ, ಗೋಡೆ ಹೊಟ್ಟೆ ಬಿಟ್ಟಿದೆಯೇ ನೋಡಬೇಕು. ಅಂಗಳದಲ್ಲೋ ಮನೆ ಮುಂದೋ ಹಗೇವು ಇತ್ತೇ ಎಂದು ಓಣಿಯ ಹಿರಿಯರನ್ನು ಕೇಳಿದರೆ ಒಳ್ಳೆಯದು. ಕಾಳು ತುಂಬುತ್ತಿದ್ದ ಆ ಗುಂಡಿಯ ಬಾಯಿ ಮುಚ್ಚಿ ಮರೆತಿರುತ್ತಾರೆ, ಮೇಲೆ ಭಾರ ಬಿದ್ದಾಗ ನೆಲ ಇಳಿಯುತ್ತದೆ.

ಕೊಂಡ ಮೇಲೆ ಬಹಳ ಜನ ಮಾಡುವ ತಪ್ಪು, ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾಯಿ. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿ ಇಲ್ಲದೆ ಗೋಡೆ ಒಳಗೊಳಗೇ ಮೆತ್ತಗಾಗುತ್ತದೆ. ಹೊರಗಿನಿಂದ ಹೊಸದಾಗಿ ಕಾಣುತ್ತದೆ, ಅಷ್ಟೇ. ಸುಣ್ಣದ ಗಾರೆ ಅಥವಾ ಮಣ್ಣಿನ ಗಿಲಾಯಿಯೇ ಅದಕ್ಕೆ ಸರಿ. ಹಳೇ ಮಣ್ಣಿನ ಗೋಡೆಯ ಮೇಲೆ ಆರ್‌ಸಿಸಿ ಸ್ಲ್ಯಾಬ್ ಕೂರಿಸುವುದಂತೂ ಜೀವಕ್ಕೆ ಎರವು.

ಖರ್ಚಿನ ಲೆಕ್ಕ

ಮನೆಯ ಬೆಲೆ ಅಥವಾ ಸರ್ಕಾರದ ಮಾರ್ಗಸೂಚಿ ಬೆಲೆ, ಯಾವುದು ಹೆಚ್ಚೋ ಅದರ ಮೇಲೆ 5% ಮುದ್ರಾಂಕ ಶುಲ್ಕ. ಆ ಶುಲ್ಕದ ಮೇಲೆ 10% ಸೆಸ್ ಮತ್ತು ಹಳ್ಳಿಯಲ್ಲಿ 3%, ಪಟ್ಟಣದಲ್ಲಿ 2% ಸರ್ಚಾರ್ಜ್. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಮೇಡ್ಲೇರಿಯಲ್ಲಿ 10 ಲಕ್ಷದ ಮನೆ ಎಂದಿಟ್ಟುಕೊಂಡರೆ 50,000, 5,000, 1,500 ಮತ್ತು 20,000 ಸೇರಿ 76,500 ರೂಪಾಯಿ. ಇದರ ಮೇಲೆ ಬರಹಗಾರರ, ವಕೀಲರ ಖರ್ಚು. ಛಾವಣಿ ದುರಸ್ತಿಗೆ ಎಷ್ಟು ಬೇಕು ಎಂದು ಗೌಂಡಿ, ಬಡಿಗೇರರಿಂದ ಮೊದಲೇ ಲೆಕ್ಕ ಹಾಕಿಸಿದರೆ ಮನೆಯ ಬೆಲೆ ಮಾತಾಡುವಾಗ ಅದನ್ನೂ ಇಟ್ಟು ಮಾತಾಡಬಹುದು.

ನೋಂದಣಿ ಆದ ಮೇಲೂ ಕೆಲಸ ಉಳಿದಿರುತ್ತದೆ. ಖಾತಾ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ಮನೆಪಟ್ಟಿ, ನಳದ ಬಾಕಿ, ಹೆಸ್ಕಾಂ ಬಿಲ್ಲು ಎಷ್ಟಿದೆ ಎಂದು ಕೊಳ್ಳುವ ಮೊದಲೇ ನೋಡಿ ಮಾರುವವರಿಂದಲೇ ಕಟ್ಟಿಸಬೇಕು. ಹತ್ತು ವರ್ಷ ಬೀಗ ಬಿದ್ದ ಮನೆಯಲ್ಲಿ ಮೀಟರಿನ ಬಾಕಿ ಎಷ್ಟಿರುತ್ತದೆ ಎಂಬುದು ಮಾರುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ.