ಒಂದೇ ಅಂಗಡಿ, ಒಂದೇ ಫಲಕ: ಸಹಕಾರಿ ಜಾಹೀರಾತಿನ ಲೆಕ್ಕಾಚಾರ



ಕಳೆದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆ ಇನ್ನೂ ನಮ್ಮ ಕಿವಿಯಲ್ಲಿದೆ. "ಕಾರ್ಯದರ್ಶಿಗಳೇ, ಎಲ್ಲರೂ ಸೇರಿ ಜಾಲತಾಣವೇನೋ ಮಾಡಿದಿರಿ. ಆದರೆ ಇದು ಕಾಡಿನೊಳಗೆ ಅಂಗಡಿ ತೆರೆದಂತಾಯಿತಲ್ಲ? ಅಲ್ಲಿಗೆ ಗಿರಾಕಿ ಬರುವುದು ಹೇಗೆ?" ಸಭೆ ನಕ್ಕಿತು. ನಾವೂ ನಕ್ಕೆವು. ಉತ್ತರ ಮಾತ್ರ ಹೊಳೆಯಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ. ಮುಂಬರುವ ಸಭೆಯಲ್ಲಿ ಜಾಹೀರಾತು ವಂತಿಗೆಯ ನಿರ್ಣಯ ತಮ್ಮ ಮುಂದೆ ಬರಲಿರುವುದರಿಂದ, ಕೈ ಎತ್ತುವ ಮೊದಲು ಇದನ್ನು ಓದಬೇಕೆಂದು ವಿನಂತಿ.

ನಮ್ಮ ತಪ್ಪಿನಿಂದಲೇ ಆರಂಭಿಸುತ್ತೇವೆ

ಎರಡು ವರ್ಷಗಳ ಹಿಂದೆ ದಸರೆಯ ಹೊತ್ತಿಗೆ ಪೇಟೆಯ ಏಜೆಂಟರೊಬ್ಬರ ಮಾತು ಕೇಳಿ ಸಂಘದ ಹಣದಿಂದ ಜಾಹೀರಾತು ಕೊಟ್ಟದ್ದು ತಮಗೆಲ್ಲ ನೆನಪಿರಬಹುದು. ಫೋನಿನಲ್ಲಿ ನಮ್ಮ ಕಾಫಿಪುಡಿಯ ಚಿತ್ರ ಕಂಡವರು ಜಾಲತಾಣಕ್ಕೆ ಬಂದರು, ಆರ್ಡರುಗಳೂ ಬಂದವು. ನಾವು ಹಿಗ್ಗಿದೆವು. ಮೂರನೆಯ ವಾರದಲ್ಲಿ ಬೆಂಗಳೂರಿನ ಗೃಹಿಣಿಯೊಬ್ಬರಿಂದ ದೂರು ಬಂತು. ಬರಿಯ ಕಾಫಿ ಎಂದು ಕೊಂಡ ಪೊಟ್ಟಣದಲ್ಲಿ ಚಿಕೋರಿ ಇತ್ತು, ಪುಡಿಯೂ ಹಳೆಯದಾಗಿತ್ತು. ಅದರ ಬೆನ್ನಿಗೇ ಇನ್ನೂ ಕೆಲವು ದೂರುಗಳು ಬಂದವು. ತಪ್ಪಿದ್ದುದು ಒಬ್ಬ ಸದಸ್ಯರ ಸರಕಿನಲ್ಲಿ. ಆದರೆ ಪೊಟ್ಟಣದ ಮೇಲಿದ್ದದ್ದು ನಮ್ಮೆಲ್ಲರ ಹೆಸರು.

ಆ ಸಮಯಕ್ಕೆ ಮೂರೆಕರೆ ತೋಟದ ವಿಧವೆ ಸದಸ್ಯೆಯೊಬ್ಬರು ಪಾರ್ಚ್‌ಮೆಂಟನ್ನು ನೆಲಕ್ಕೆ ತಾಗದಂತೆ ಮಂಚದ ಮೇಲೆ ಒಣಗಿಸಿ, ಒಂದೊಂದು ಕಾಳನ್ನೂ ಆರಿಸಿ, ಕ್ಯೂರಿಂಗ್ ಮಾಡಿಸಿ ತಂದಿಟ್ಟಿದ್ದರು. ಅವರ ಪೊಟ್ಟಣಗಳು ಗೋದಾಮಿನಲ್ಲಿಯೇ ಉಳಿದವು. ಕೊನೆಗೆ ಅವರು ಬಂದು, "ಅಣ್ಣಾ, ನಂದೇನು ತಪ್ಪಿತ್ತು?" ಎಂದು ಕೇಳಿದರು. ನಮಗೆ ತಲೆಯೆತ್ತಲಾಗಲಿಲ್ಲ. ಸರಕನ್ನು ಕುಡಿದು ನೋಡದೆ ಹೊರಗೆ ಬಿಟ್ಟವರು ನಾವು. ಹಾಗಾಗಿ ಆ ತಪ್ಪು ಕಾರ್ಯದರ್ಶಿಯದೇ ಎಂದು ಇಲ್ಲಿ ದಾಖಲಿಸುತ್ತೇವೆ.

ಆ ಅನುಭವದ ನಂತರ ಹಲವರು "ಜಾಹೀರಾತೇ ಬೇಡ" ಎಂದರು. ಇನ್ನು ಕೆಲವರು "ಅವರವರ ಜಾಹೀರಾತು ಅವರವರೇ ಮಾಡಿಕೊಳ್ಳಲಿ" ಎಂದರು. ಈ ಎರಡು ಮಾತುಗಳೂ ಸರಿಯಲ್ಲವೆಂಬುದು ನಮ್ಮ ನಂಬಿಕೆ. ಕಾರಣವನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕಿತ್ತಳೆ ಬೆಳೆಗಾರರು ಕಲಿಸಿದ ಪಾಠ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಬೆಳೆಗಾರರು 1893ರಲ್ಲಿಯೇ ಮಾರಾಟಕ್ಕಾಗಿ ಸಹಕಾರಿ ಒಕ್ಕೂಟ ಕಟ್ಟಿಕೊಂಡಿದ್ದರು. ಬೆಳೆ ಹೆಚ್ಚಿತು, ಆದರೆ ಕೊಳ್ಳುವವರು ಹೆಚ್ಚಲಿಲ್ಲ. ದೂರದ ಊರುಗಳ ಜನರಿಗೆ ಕಿತ್ತಳೆಯೆಂದರೆ ಹಬ್ಬಕ್ಕೊಮ್ಮೆ ತಿನ್ನುವ ಹಣ್ಣಾಗಿತ್ತು. 1907ರಲ್ಲಿ ಒಕ್ಕೂಟ ಒಂದು ಪ್ರಯೋಗ ಮಾಡಿತು. ದೇಶವನ್ನೆಲ್ಲ ಮುಟ್ಟುವ ಆಸೆಯನ್ನು ಬದಿಗಿಟ್ಟು, ಅಯೋವಾ ಎಂಬ ಒಂದೇ ರಾಜ್ಯವನ್ನು ಆರಿಸಿಕೊಂಡಿತು. ಹಣ್ಣು ಸಾಗಿಸಿದರೆ ತನಗೂ ಲಾಭವೆಂದು ತಿಳಿದ ರೈಲ್ವೆ ಕಂಪೆನಿ ಖರ್ಚಿನಲ್ಲಿ ಪಾಲು ಕೊಟ್ಟಿತು. ಪತ್ರಿಕೆಗಳಲ್ಲಿ ಜಾಹೀರಾತು ಬಂತು, ಹಣ್ಣಿನ ರೈಲುಗಳಿಗೆ ಬ್ಯಾನರು ಕಟ್ಟಿದರು. ಆ ರಾಜ್ಯದಲ್ಲಿ ಮಾರಾಟ ಸುಮಾರು ಅರ್ಧದಷ್ಟು ಏರಿತು.

ಮರುವರ್ಷ, ಅಂದರೆ 1908ರಲ್ಲಿ, ಉತ್ತಮ ದರ್ಜೆಯ ಹಣ್ಣಿಗೆಂದೇ 'ಸನ್‌ಕಿಸ್ಟ್' ಎಂಬ ಹೆಸರು ಹುಟ್ಟಿತು. ಹಣ್ಣನ್ನು ಆ ಹೆಸರು ಅಚ್ಚಾದ ತೆಳು ಕಾಗದದಲ್ಲಿ ಸುತ್ತಿದರು. ಆ ಕಾಗದಗಳನ್ನು ಕೂಡಿಸಿ ಕಳುಹಿಸಿದ ಗೃಹಿಣಿಯರಿಗೆ ಚಮಚ ಕೊಟ್ಟರು. ಹೀಗೆ ಮರಳಿ ಬಂದ ಕಾಗದಗಳಿಂದ ಯಾರು ಕೊಳ್ಳುತ್ತಿದ್ದಾರೆಂಬುದು ಒಕ್ಕೂಟಕ್ಕೆ ತಿಳಿಯಿತು. 1916ರಲ್ಲಿ 'ಕಿತ್ತಳೆಯನ್ನು ಕುಡಿಯಿರಿ' ಎಂಬ ಪ್ರಚಾರ ನಡೆಸಿ, ರಸ ಹಿಂಡುವ ಗಾಜಿನ ಸಾಧನವನ್ನು ಅಗ್ಗದಲ್ಲಿ ಮಾರಿದರು. ಒಂದು ಹಣ್ಣು ತಿನ್ನುತ್ತಿದ್ದವನು ಒಂದು ಲೋಟಕ್ಕೆ ಎರಡು ಮೂರು ಹಣ್ಣು ಹಿಂಡತೊಡಗಿದ. ಈ ಪ್ರಚಾರದ ಖರ್ಚನ್ನು ಪೆಟ್ಟಿಗೆಗೆ ಇಷ್ಟೆಂದು ಬೆಳೆಗಾರರಿಂದಲೇ ಪಡೆಯುತ್ತಿದ್ದರು. ಹೆಚ್ಚು ಕಳುಹಿಸಿದವನು ಹೆಚ್ಚು ಕೊಟ್ಟ, ಕಡಿಮೆ ಕಳುಹಿಸಿದವನು ಕಡಿಮೆ ಕೊಟ್ಟ.

ನಮ್ಮ ಮನೆಯಂಗಳದ ಉದಾಹರಣೆ

ಪರದೇಶದ ಮಾತೇಕೆ ಎನ್ನುವವರು ಕಾಫಿ ಹೌಸನ್ನು ನೆನೆಯಬಹುದು. 1930ರ ದಶಕದ ಬೆಲೆ ಕುಸಿತದಲ್ಲಿ ಕಾಫಿ ಬೆಳೆಗಾರರು ಕಂಗೆಟ್ಟಾಗ ಕಾಫಿಯ ಮೇಲಿನ ಸೆಸ್ ಹಣದಿಂದ ಸಮಿತಿಯೊಂದು ಏರ್ಪಟ್ಟು, 1936ರಲ್ಲಿ ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಇದು ಯಾವ ಒಬ್ಬ ತೋಟದ ಅಂಗಡಿಯೂ ಅಲ್ಲ. ಚಹಾ ಕುಡಿಯುವ ಊರಿಗೆ ಕಾಫಿಯ ರುಚಿ ಹತ್ತಿಸಲು ಮಾಡಿದ ಸಾಮೂಹಿಕ ಜಾಹೀರಾತು. ಮುಂದೆ 1957ರಲ್ಲಿ ಕಾಫಿ ಬೋರ್ಡು ಈ ಹೋಟೆಲುಗಳನ್ನು ಮುಚ್ಚತೊಡಗಿದಾಗ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿ ಅವನ್ನು ಉಳಿಸಿಕೊಂಡರು. ಆ ಹೆಸರು ಇಂದಿಗೂ ಬಾಳುತ್ತಿದೆ.

ಗುಜರಾತಿನ ಹಾಲು ಉತ್ಪಾದಕರ ಜಿಲ್ಲಾ ಸಂಘಗಳು ಪರಸ್ಪರ ಪೈಪೋಟಿಗೆ ಇಳಿಯಬಾರದೆಂದು 1973ರಲ್ಲಿ ಮಾರಾಟ ಮಹಾಮಂಡಳ ಕಟ್ಟಿ, 'ಅಮುಲ್' ಎಂಬ ಒಂದೇ ಹೆಸರಿನಡಿ ಮಾರಿದವು. ಅದೇ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೋ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಒಬ್ಬಂಟಿ ಕೊಕ್ಕೋ ಬೆಳೆಗಾರ ತನ್ನ ಹೆಸರಿನ ಚಾಕಲೇಟನ್ನು ಪೇಟೆಗೆ ತರುವುದು ಸಾಧ್ಯವಿತ್ತೇ? ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ.

ಬೇರೆ ಬೇರೆಯಾಗಿ ಕೂಗಿದರೆ ಏನಾಗುತ್ತದೆ

ಜಾಲತಾಣದ ಜಾಹೀರಾತಿನಲ್ಲಿ ಒಂದು ವಿಶೇಷವಿದೆ. ಯಾರಾದರೂ 'ಚಿಕ್ಕಮಗಳೂರು ಕಾಫಿಪುಡಿ' ಎಂದು ಫೋನಿನಲ್ಲಿ ಹುಡುಕಿದಾಗ ಮೇಲ್ಗಡೆ ಕಾಣುವ ಜಾಹೀರಾತಿನ ಜಾಗ ಹರಾಜಿನಲ್ಲಿ ಹೋಗುತ್ತದೆ. ಜನ ಅದನ್ನು ಒತ್ತಿದಾಗಲೆಲ್ಲ ಜಾಹೀರಾತುದಾರ ಹಣ ತೆರಬೇಕು. ನಮ್ಮ ಹತ್ತು ಸದಸ್ಯರು ಬೇರೆ ಬೇರೆಯಾಗಿ ಅದೇ ಮಾತಿಗೆ ಹರಾಜು ಕೂಗಿದರೆ, ಒಬ್ಬರ ಬೆಲೆಯನ್ನು ಇನ್ನೊಬ್ಬರೇ ಏರಿಸಿದಂತಾಗುತ್ತದೆ. ಮಂಡಿಯಲ್ಲಿ ಅಣ್ಣತಮ್ಮಂದಿರೇ ಪರಸ್ಪರ ಸವಾಲು ಕೂಗಿದರೆ ಲಾಭ ಯಾರಿಗೆಂಬುದನ್ನು ಅಡಿಕೆ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಸಂಘ ಒಂದೇ ಆಗಿ ಕೂಗಿದರೆ ಈ ನಷ್ಟವಿಲ್ಲ.

ಇನ್ನೊಂದು ಲೆಕ್ಕವನ್ನು ನೋಡೋಣ. ಅಂಕಿಗಳು ತಿಳಿವಳಿಕೆಗಾಗಿ ಹಿಡಿದವು ಮಾತ್ರ. ಒಂದು ಒತ್ತಿಗೆ 10 ರೂಪಾಯಿಯಂತೆ 10,000 ರೂಪಾಯಿ ಖರ್ಚು ಮಾಡಿದರೆ 1,000 ಮಂದಿ ಜಾಲತಾಣಕ್ಕೆ ಬರುತ್ತಾರೆ. ನೂರಕ್ಕೆ ಇಬ್ಬರು ಕೊಂಡರೆ 20 ಗಿರಾಕಿಗಳು. ಅಂದರೆ ಒಬ್ಬ ಗಿರಾಕಿಯನ್ನು ತರಲು 500 ರೂಪಾಯಿ. ಒಂದು ಪೊಟ್ಟಣದಲ್ಲಿ ನಮಗುಳಿಯುವುದು 100 ರೂಪಾಯಿ ಆಗಿದ್ದರೆ ಮೊದಲ ಮಾರಾಟದಲ್ಲಿ 400 ರೂಪಾಯಿ ನಷ್ಟ. ಅದೇ ಗಿರಾಕಿ ಐದನೆಯ ಪೊಟ್ಟಣ ಕೊಂಡಾಗ ಅಸಲು ಹುಟ್ಟುತ್ತದೆ, ಆರನೆಯದರಿಂದ ಲಾಭ. ಆದ್ದರಿಂದ ಜಾಹೀರಾತು ಗಿರಾಕಿಯನ್ನು ಒಮ್ಮೆ ಬಾಗಿಲಿಗೆ ತರಬಲ್ಲುದು, ಅಷ್ಟೇ. ಮತ್ತೆ ಮತ್ತೆ ತರಬೇಕಾದದ್ದು ಪೊಟ್ಟಣದೊಳಗಿನ ಸರಕು. ದಸರೆಯಲ್ಲಿ ನಾವು ಕಳೆದುಕೊಂಡದ್ದು ಮೊದಲನೆಯ ಪೊಟ್ಟಣವನ್ನಲ್ಲ, ಮುಂದಿನ ಐದನ್ನು.

ಪೂಲಿನ ಭಯ ಬೇಡ

"ಇದು ಹಳೆಯ ಪೂಲ್ ಪದ್ಧತಿಯಲ್ಲವೇ?" ಎಂದು ಕೆಲವರು ಕೇಳಿದ್ದಾರೆ. ಹಿರಿಯರಿಗೆ ಅದರ ನೆನಪು ಕಹಿಯಾಗಿರುವುದು ಸಹಜ. ಕಾಫಿಯನ್ನು ಬೋರ್ಡಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲ ಅದು. 1992ರಿಂದ ಆ ಕಟ್ಟು ಸಡಿಲಗೊಳ್ಳುತ್ತ ಬಂದು 1996ರಲ್ಲಿ ಪೂರ್ಣ ಬಿಡುಗಡೆಯಾಯಿತು. ಪೂಲ್ ಕಾನೂನಿನ ಕಡ್ಡಾಯವಾಗಿತ್ತು. ನಮ್ಮದು ಸ್ವಂತ ಇಚ್ಛೆಯದು. ಯಾರೂ ತಮ್ಮ ಇಡೀ ಬೆಳೆಯನ್ನು ಕೊಡಬೇಕಾಗಿಲ್ಲ. ಜಾಲತಾಣದ ಮೂಲಕ ಮಾರಲು ಒಪ್ಪಿದಷ್ಟು ಮೂಟೆ ಕೊಟ್ಟು, ಉಳಿದದ್ದನ್ನು ಎಂದಿನಂತೆ ವ್ಯಾಪಾರಿಗೆ ಕೊಡಬಹುದು.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ವಂತಿಗೆ ಕೊಡದೆ ಜಾಹೀರಾತಿನ ಫಲ ಮಾತ್ರ ಉಣ್ಣುವ ಅವಕಾಶ ಇರಬಾರದು. ಹತ್ತು ಮಂದಿ ಕೂಡಿ ತೋಡಿದ ಕೆರೆಯಲ್ಲಿ ಹನ್ನೊಂದನೆಯವನು ಪಂಪು ಇಟ್ಟರೆ ಕೆರೆಯೂ ಉಳಿಯದು, ಒಗ್ಗಟ್ಟೂ ಉಳಿಯದು.

ಸಭೆಯ ಮುಂದಿಡುವ ನಿಯಮಗಳು

ಒಂದು: ವಂತಿಗೆಯನ್ನು ತಲೆಗಿಷ್ಟು ಎಂದು ಹಾಕುವುದು ಬೇಡ. ಜಾಲತಾಣದಲ್ಲಿ ಮಾರಾಟವಾದ ಕಿಲೋಗೆ ಇಷ್ಟು ಎಂದಿರಲಿ. ಎರಡೆಕರೆಯವರಿಗೂ ಐವತ್ತೆಕರೆಯವರಿಗೂ ಇದೇ ನ್ಯಾಯ. ಮತ ಮಾತ್ರ ಒಬ್ಬರಿಗೆ ಒಂದೇ.

ಎರಡು: ಪ್ರತಿ ಸರಕನ್ನೂ ಹುರಿದು, ಪುಡಿ ಮಾಡಿ, ಮೂವರು ಸದಸ್ಯರು ಕುಡಿದು ನೋಡಿ ಸಹಿ ಹಾಕಿದ ಮೇಲೆಯೇ ಪೊಟ್ಟಣಕ್ಕೆ ಹೋಗಬೇಕು. ಯಾರ ಸರಕೆಂದು ರುಚಿ ನೋಡುವವರಿಗೆ ತಿಳಿಯಬಾರದು. ಕಾರ್ಯದರ್ಶಿಯ ಸರಕಿಗೂ ವಿನಾಯಿತಿ ಇಲ್ಲ.

ಮೂರು: ಪೊಟ್ಟಣದ ಮೇಲೆ ಸಂಘದ ಹೆಸರು ದೊಡ್ಡದಾಗಿಯೂ, ತೋಟದ ಸಂಖ್ಯೆ ಚಿಕ್ಕದಾಗಿಯೂ ಇರಲಿ. ಹುರಿದ ದಿನಾಂಕ, ತೂಕ, ಬೆಲೆ, ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಕಡ್ಡಾಯ. ಚಿಕೋರಿ ಇದ್ದರೆ ನೂರಕ್ಕೆ ಎಷ್ಟೆಂದು ಬರೆಯಲೇಬೇಕು. ದೂರು ಬಂದರೆ ಯಾವ ಕಣದಿಂದ ಬಂದದ್ದೆಂದು ಆ ಸಂಖ್ಯೆಯೇ ಹೇಳುತ್ತದೆ. ಹಣವನ್ನು ಸಂಘ ಕೂಡಲೇ ಹಿಂದಿರುಗಿಸಿ, ಆಮೇಲೆ ಆ ಸದಸ್ಯರ ಲೆಕ್ಕದಲ್ಲಿ ಹಿಡಿಯಬೇಕು.

ನಾಲ್ಕು: ಮೊದಲ ವರ್ಷ ಒಂದೇ ಊರನ್ನು ಆರಿಸಿಕೊಳ್ಳೋಣ. ಬೆಂಗಳೂರಿನ ಕೆಲವು ಬಡಾವಣೆಗಳಾದರೂ ಸಾಕು. ಪ್ರತಿ ಜಾಹೀರಾತಿಗೂ ಬೇರೆ ರಿಯಾಯಿತಿ ಗುರುತು ಕೊಟ್ಟರೆ, ಆರ್ಡರಿನಲ್ಲಿ ಬರುವ ಗುರುತಿನಿಂದಲೇ ಯಾವುದು ಫಲ ಕೊಟ್ಟಿತೆಂದು ತಿಳಿಯುತ್ತದೆ. ಕಿತ್ತಳೆಯವರಿಗೆ ಮರಳಿ ಬಂದ ಕಾಗದವಿದ್ದಂತೆ ನಮಗೆ ಈ ಗುರುತು.

ಐದು: ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುವ ಕ್ರಮವನ್ನು ಸರಳವಾಗಿ ಬರೆದು ಪ್ರತಿ ಪೊಟ್ಟಣದಲ್ಲಿಡೋಣ. ಇಂದಿನ ಎಷ್ಟೋ ಮನೆಗಳಲ್ಲಿ ಫಿಲ್ಟರೇ ಇಲ್ಲ. ಕುಡಿಯಲು ಕಲಿಸದೆ ಮಾರಲಾಗದು.

ಆರು: ಜಾಹೀರಾತಿನ ಪೈಸೆ ಪೈಸೆಯ ಲೆಕ್ಕ ತಿಂಗಳಿಗೊಮ್ಮೆ ಸಂಘದ ಸೂಚನಾ ಫಲಕದಲ್ಲಿರಬೇಕು.

ಎರಡು ಎಚ್ಚರಿಕೆಗಳು

ಭೌಗೋಳಿಕ ಗುರುತಿನ ವಿಷಯ ಮೊದಲನೆಯದು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಆ ಗುರುತು ದೊರೆತಿದೆ. ಶಿರಸಿ ಅಡಿಕೆಗೂ ದೊರೆತಿದೆ. ಆದರೆ ಆ ಊರಿನಲ್ಲಿ ಬೆಳೆದ ಮಾತ್ರಕ್ಕೆ ಗುರುತನ್ನು ಅಚ್ಚು ಹಾಕುವಂತಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ಆಸಕ್ತರು ಕಚೇರಿಗೆ ಬಂದರೆ ಅರ್ಜಿ ತುಂಬಲು ನೆರವಾಗುತ್ತೇವೆ.

ಎರಡನೆಯದು ಅಡಿಕೆಯದು. ಇದನ್ನು ಹೇಳುವುದು ನಮಗೂ ಕಷ್ಟ, ಏಕೆಂದರೆ ನಮ್ಮ ಮಕ್ಕಳ ಓದೂ ಅಡಿಕೆಯಿಂದಲೇ ಸಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಅಡಿಕೆಯನ್ನು ಕ್ಯಾನ್ಸರುಕಾರಕಗಳ ಪಟ್ಟಿಯಲ್ಲಿ ಸೇರಿಸಿದೆ. ಸುಪಾರಿಯ ಪೊಟ್ಟಣದ ಮೇಲೂ ಜಾಹೀರಾತಿನಲ್ಲೂ ಅದು ಆರೋಗ್ಯಕ್ಕೆ ಹಾನಿಕರವೆಂದು ಮುದ್ರಿಸಬೇಕೆಂಬ ನಿಯಮವಿದೆ. ಹೀಗಿರುವಾಗ ಅಡಿಕೆ ಒಳ್ಳೆಯದೆಂದು ನಮ್ಮ ಜಾಲತಾಣದಲ್ಲಿ ಹೊಗಳುವುದು ಕಾನೂನಿಗೂ ಸಲ್ಲದು, ಆತ್ಮಸಾಕ್ಷಿಗೂ ಸಲ್ಲದು. ಚಾಲಿ, ರಾಶಿ ಇಡಿ ಮಂಡಿಯ ದಾರಿಯಲ್ಲೇ ಹೋಗಲಿ. ಹಾಳೆಯ ತಟ್ಟೆಯನ್ನು ಆಹಾರಕ್ಕೆ ಬಳಸುವ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಆಕ್ಷೇಪ ಎತ್ತಿರುವುದರಿಂದ, ಆ ದೇಶದ ಗಿರಾಕಿಗೆ ಅದನ್ನು ಜಾಹೀರು ಮಾಡುವುದೂ ಬೇಡ. ಜಾಲತಾಣಕ್ಕೆ ಕಾಫಿಪುಡಿ, ಕಾಳುಮೆಣಸು, ಏಲಕ್ಕಿ, ಜೇನು ಸಾಕು. ಅಡಿಕೆಯೊಂದನ್ನೇ ನಂಬಿದ ಸದಸ್ಯರ ತೋಟದಲ್ಲೂ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದೆಯಲ್ಲವೇ?

ಕೊನೆಯ ಮಾತು

ಸನ್‌ಕಿಸ್ಟ್ ಹೆಸರು ಒಂದು ವರ್ಷದಲ್ಲಿ ಬೆಳೆದದ್ದಲ್ಲ. ಕಾಫಿ ಗಿಡ ನೆಟ್ಟ ಮರುವರ್ಷವೇ ಕೊಯ್ಲಿಗೆ ಯಾರೂ ಬುಟ್ಟಿ ಹಿಡಿದು ಹೋಗುವುದಿಲ್ಲ. ಗಿರಾಕಿಯ ವಿಶ್ವಾಸವೂ ಹಾಗೆಯೇ, ನಾಲ್ಕಾರು ವರ್ಷದ ಆರೈಕೆಯ ಬೆಳೆ. ನಿರ್ಣಯಕ್ಕೆ ಸಭೆ ಒಪ್ಪದಿದ್ದರೆ ನಾವು ಬೇಸರಿಸುವುದಿಲ್ಲ. ಆದರೆ ಒಪ್ಪುವವರು ವಂತಿಗೆಗೆ ಮಾತ್ರ ಒಪ್ಪಿ, ರುಚಿ ನೋಡುವ ನಿಯಮವನ್ನು ಕೈಬಿಡಬೇಡಿ. ಎರಡನೆಯದಿಲ್ಲದೆ ಮೊದಲನೆಯದು ಹೊಳೆಯಲ್ಲಿ ಹುಣಿಸೆ ಹಣ್ಣು ತೊಳೆದಂತೆ.

ಮೂರೆಕರೆಯ ಆ ತಂಗಿ ಈ ವರ್ಷವೂ ಹಣ್ಣನ್ನು ಮಾಗಿದ ಮೇಲೆಯೇ ಆರಿಸಿ ಕೊಯ್ದಿದ್ದಾರೆ. ನಾಲ್ಕು ಮೂಟೆ ಪಾರ್ಚ್‌ಮೆಂಟನ್ನು ಜಾಲತಾಣಕ್ಕೆಂದು ಬೇರೆ ತೆಗೆದಿಟ್ಟಿರುವುದಾಗಿ ಮೊನ್ನೆ ಕಚೇರಿಗೆ ಬಂದು ಹೇಳಿ ಹೋದರು. ಅವರು ನಮ್ಮ ಮೇಲಿಟ್ಟ ವಿಶ್ವಾಸಕ್ಕೆ ನಾವೆಲ್ಲ ಸೇರಿ ತಕ್ಕವರಾಗೋಣ. ಸಭೆಗೆ ತಪ್ಪದೆ ಬನ್ನಿ.